ಬರೆದುದೂ ಕಂಡರಿಸಿದುದೂ: ಡಿಸ್ಕ್ ಡ್ರೈವರನ್ನು ಕುರಿತ ಎರಡು ಟೀಕೆಗಳ ವಿಮರ್ಶೆ

ಕನ್ನಡ ಶಾಸನಗಳ ಕಡೆಯ ಪಂಕ್ತಿಗಳನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ದತ್ತಿಯ ವಿವರ, ಎಲ್ಲೆಗಳ ನಿರ್ದೇಶ, ಶಾಪವಾಕ್ಯ ಇವೆಲ್ಲ ಮುಗಿದ ಮೇಲೆ ಅನೇಕ ಶಾಸನಗಳಲ್ಲಿ ಇಬ್ಬರ ಹೆಸರುಗಳು ಬರುತ್ತವೆ. ಶಾಸನವನ್ನು ಬರೆದ ಸೇನಬೋವನ ಹೆಸರು ಒಂದು. ಅದನ್ನು ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರು ಮತ್ತೊಂದು. ಎಲ್ಲ ಶಾಸನಗಳಲ್ಲಿಯೂ ಹೀಗೆಯೇ ಇದೆ ಎಂದಲ್ಲ. ಆದರೂ ಬರೆಯುವುದು ಬೇರೆ, ಕಂಡರಿಸುವುದು ಬೇರೆ ಎಂಬ ವಿವೇಕ ನಮ್ಮ ಶಾಸನಭಾಷೆಯಲ್ಲಿ ಸ್ಪಷ್ಟವಾಗಿತ್ತೆಂಬುದಕ್ಕೆ ಇಷ್ಟು ಸಾಕು. ಬರೆದ ಪಾಠ ಕಲ್ಲಿಗೆ ಇಳಿಯುವ ತನಕ ದಾನ ಪಡೆದವನ ಪಾಲಿಗೆ ಆಚಂದ್ರಾರ್ಕವಾದುದು ಏನೂ ಇರಲಿಲ್ಲ.

ಕಂಪ್ಯೂಟರಿನ ಪರಿಭಾಷೆಯಲ್ಲಿ ಈ ವಿವೇಕ ಮಸುಕಾಗಿದೆ. ಯುನಿಕ್ಸ್ ಮತ್ತು ಅದರ ಮಾದರಿಯ ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದು ಪ್ರೋಗ್ರಾಮು ತನ್ನ ಕಡತಕ್ಕೆ ಏನನ್ನಾದರೂ ಸೇರಿಸಬೇಕಾದರೆ ಕರ್ನೆಲನ್ನು, ಅಂದರೆ ಆ ವ್ಯವಸ್ಥೆಯ ತಿರುಳಾದ ಭಾಗವನ್ನು, ‘ರೈಟ್’ ಎಂಬ ಕರೆಯ ಮೂಲಕ ಕೇಳಿಕೊಳ್ಳುತ್ತದೆ. ಕರ್ನೆಲು ‘ಆಯಿತು’ ಎಂಬ ಉತ್ತರವನ್ನು ಕೊಡುತ್ತದೆ. ಆ ‘ಆಯಿತು’ ಎಂಬುದು ಬರೆದುದಕ್ಕೆ ಸಲ್ಲುವ ಮಾತೋ ಕಂಡರಿಸಿದುದಕ್ಕೆ ಸಲ್ಲುವ ಮಾತೋ? ಇದನ್ನು ನಿರ್ಣಯಿಸಬೇಕಾದರೆ, ಕರ್ನೆಲಿನೊಳಗೇ ಇದ್ದುಕೊಂಡು ತಿರುಗುವ ಬಿಲ್ಲೆಯಿಂದ ಕೆಲಸ ತೆಗೆಯುವ ಡಿಸ್ಕ್ ಡ್ರೈವರ್ ಎಂಬ ಪ್ರೋಗ್ರಾಮಿನ ನಡೆಯನ್ನು ತಿಳಿಯಬೇಕಾಗುತ್ತದೆ. ಅದನ್ನು ವಿವರಿಸಿದ ಎರಡು ಬರವಣಿಗೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಎತ್ತಿಕೊಂಡಿದ್ದೇವೆ. ಒಂದು, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದ ಜಾನ್ ಲಯನ್ಸ್ ಅವರು ಯುನಿಕ್ಸಿನ ಆರನೆಯ ಆವೃತ್ತಿಗೆ ಬರೆದ ಟೀಕೆ. ಇನ್ನೊಂದು, ಲಿನಕ್ಸ್ ಕರ್ನೆಲಿನ ಡಿಸ್ಕ್ ವಿಭಾಗವನ್ನು ಹೊಸದಾಗಿ ಕಟ್ಟಿದಾಗ ಯೆನ್ಸ್ ಆಕ್ಸ್‌ಬೋ ಮತ್ತು ಬೆಂಗಳೂರಿನ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಅವರು ಕೂಡಿ 2002ರಲ್ಲಿ ಬರೆದ ಟಿಪ್ಪಣಿ. ಟೀಕೆ ಎಂಬ ಮಾತನ್ನು ಇಲ್ಲಿ ಹಳೆಯ ಅರ್ಥದಲ್ಲಿ, ಮೂಲವನ್ನು ಬಿಡಿಸಿ ಹೇಳುವ ವ್ಯಾಖ್ಯಾನವೆಂಬ ಅರ್ಥದಲ್ಲಿ, ಬಳಸಿದ್ದೇವೆ.

ಇತಿಹಾಸ ವಿಭಾಗದವರಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಶಾಸನಗಳ ಛಾಯಾಚಿತ್ರಗಳು, ಕೈಫಿಯತ್ತುಗಳ ಪ್ರತಿಗಳು, ತಾಲ್ಲೂಕು ಕಚೇರಿಯ ಪಹಣಿಗಳು ಇವೆಲ್ಲ ಇಂದು ಡಿಸ್ಕುಗಳಲ್ಲಿ ಸೇರಿವೆ. ತಾಮ್ರಪಟವನ್ನು ಓದುವಾಗ ಅದರ ಲೋಹ, ಉಂಗುರ, ಮುದ್ರೆಗಳನ್ನು ಕೂಡ ಪರೀಕ್ಷಿಸುವ ನಾವು, ಡಿಸ್ಕಿನಲ್ಲಿ ಇರುವ ದಾಖಲೆ ಅಲ್ಲಿಗೆ ಹೇಗೆ ಇಳಿಯಿತೆಂಬುದನ್ನು ಕೇಳದೆ ಬಿಡುವುದು ಸರಿಯಾಗಲಾರದು.

ಲಯನ್ಸ್ ಅವರ ಗ್ರಂಥದ ಚರಿತ್ರೆ ನಮ್ಮ ಹಸ್ತಪ್ರತಿ ವಿದ್ವಾಂಸರಿಗೆ ರುಚಿಸುವಂಥದು. ಆರನೆಯ ಆವೃತ್ತಿ 1975ರಲ್ಲಿ ಹೊರಬಿತ್ತು. ಲಯನ್ಸ್ ಅವರು ತಮ್ಮ ವಿದ್ಯಾರ್ಥಿಗಳಿಗಾಗಿ ಅದರ ಕರ್ನೆಲಿನ ಮೂಲಪಾಠವನ್ನು ಸಾಲುಗಳಿಗೆ ಸಂಖ್ಯೆ ಹಾಕಿ ಒಂದು ಸಂಪುಟವಾಗಿಯೂ, ಆ ಸಂಖ್ಯೆಗಳನ್ನು ಹಿಡಿದು ನಡೆಯುವ ಟೀಕೆಯನ್ನು ಇನ್ನೊಂದು ಸಂಪುಟವಾಗಿಯೂ ಸಿದ್ಧಪಡಿಸಿದರು. 1977ರ ವೇಳೆಗೆ ಎರಡೂ ಪೂರ್ಣರೂಪಕ್ಕೆ ಬಂದವು. ಮೂಲಪಾಠ ಒಟ್ಟು ಹತ್ತು ಸಾವಿರ ಸಾಲುಗಳಿಗೂ ಕಡಿಮೆ. ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ ಆದ್ಯಂತವಾಗಿ ಓದಿ ಮುಗಿಸಬಹುದಾದ ಗಾತ್ರ ಅದು. 1979ರಲ್ಲಿ ಏಳನೆಯ ಆವೃತ್ತಿಯೊಡನೆ ಬಂದ ಪರವಾನಗಿಯ ನಿಬಂಧನೆ ಮೂಲಪಾಠವನ್ನು ತರಗತಿಯಲ್ಲಿ ಬೋಧಿಸಲು ಅವಕಾಶ ಕೊಡಲಿಲ್ಲ. ಅಂದಿನಿಂದ ಈ ಟೀಕೆ ಪ್ರತಿಯ ಪ್ರತಿಯಾಗಿ, ಆ ಪ್ರತಿಯ ಮತ್ತೊಂದು ಪ್ರತಿಯಾಗಿ, ಕೈಯಿಂದ ಕೈಗೆ ಹರಿದಾಡಿತು. ಬಹಿರಂಗವಾಗಿ ಮುದ್ರಣಗೊಂಡುದು 1996ರಲ್ಲಿ. ಲಯನ್ಸ್ 1998ರಲ್ಲಿ ತೀರಿಕೊಂಡರು. ಮಠಗಳ ಓಲೆಕಟ್ಟುಗಳನ್ನು ಕಂಡವರಿಗೆ ಗ್ರಂಥವೊಂದು ಹೀಗೆ ಬದುಕಿಕೊಳ್ಳುವುದು ಹೊಸದೇನೂ ಅಲ್ಲ.

ಇನ್ನು ವಿಷಯಕ್ಕೆ ಬರೋಣ. ಲಯನ್ಸ್ ಅವರ ಗ್ರಂಥದ ಹದಿನಾರನೆಯ ಅಧ್ಯಾಯ ಆರ್.ಕೆ. ಡಿಸ್ಕಿನ ಡ್ರೈವರಿಗೆ ಮೀಸಲಾಗಿದೆ. ಆರ್.ಕೆ.05 ಎಂಬುದು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪೆನಿ ತಯಾರಿಸಿದ, ಒಂದೇ ಬಿಲ್ಲೆಯನ್ನುಳ್ಳ, ಹೊರತೆಗೆದು ಬದಲಾಯಿಸಬಹುದಾದ ಡಿಸ್ಕು. ಬಿಲ್ಲೆ ಮಿನಿಟಿಗೆ 1500 ಸುತ್ತು ತಿರುಗುತ್ತಿತ್ತು. ಎರಡು ಮುಖಗಳು, ಒಂದೊಂದು ಮುಖದಲ್ಲಿ ಕೇಂದ್ರವನ್ನು ಸುತ್ತುವರಿದ 203 ಪಥಗಳು, ಒಂದೊಂದು ಪಥದಲ್ಲಿ 12 ತುಂಡುಗಳು, ಒಂದೊಂದು ತುಂಡಿನಲ್ಲಿ 512 ಬೈಟುಗಳು. ಗುಣಿಸಿದರೆ 4872 ತುಂಡುಗಳಾಗುತ್ತವೆ, ಅಂದರೆ ಸುಮಾರು ಎರಡೂವರೆ ಮೆಗಾಬೈಟು. ಇಂದು ಒಂದು ಶಾಸನದ ಒಳ್ಳೆಯ ಛಾಯಾಚಿತ್ರ ಅದರಲ್ಲಿ ಹಿಡಿಸುವುದು ಕಷ್ಟ.

ಮುಖ, ಪಥ, ತುಂಡು ಇವುಗಳ ಗೊಡವೆ ಕರ್ನೆಲಿನ ಉಳಿದ ಭಾಗಗಳಿಗೆ ಇಲ್ಲ. ಅವು ಬಲ್ಲದ್ದು 0 ಮೊದಲುಗೊಂಡು 4871ರ ವರೆಗಿನ ಒಂದು ಸಂಖ್ಯೆಯನ್ನು ಮಾತ್ರ. ಹೊಲದ ಏರುತಗ್ಗುಗಳನ್ನು ಅರಿಯದ ಕಚೇರಿ ಸರ್ವೆ ನಂಬರಿನಿಂದಲೇ ವ್ಯವಹರಿಸುವಂತೆ ಇದು. ನಂಬರನ್ನು ಹಿಡಿದುಕೊಂಡು ಹೊಲದ ಬದುವಿನ ವರೆಗೆ ಹೋಗುವ ಕೆಲಸ ಡ್ರೈವರಿನದು. ಅದು ಸಂಖ್ಯೆಯನ್ನು 12ರಿಂದ ಭಾಗಿಸುತ್ತದೆ. ಶೇಷ ತುಂಡಿನ ಸ್ಥಾನವನ್ನೂ, ಭಾಗಲಬ್ಧ ಪಥವನ್ನೂ ಮುಖವನ್ನೂ ಸೂಚಿಸುತ್ತವೆ. ಯಾವ ಡಿಸ್ಕಿಗೆ ಯಾವ ಡ್ರೈವರು ಎಂಬುದಕ್ಕೆ ಕರ್ನೆಲಿನಲ್ಲಿ ಒಂದು ಪಟ್ಟಿಯುಂಟು. ಸಾಧನಕ್ಕೆ ಎರಡು ಅಂಕಿಗಳು: ಮೊದಲನೆಯದು ಆ ಪಟ್ಟಿಯ ಸಾಲನ್ನು ಹೇಳುತ್ತದೆ, ಎರಡನೆಯದು ಅದೇ ಜಾತಿಯ ಡಿಸ್ಕುಗಳಲ್ಲಿ ಎಷ್ಟನೆಯದೆಂಬುದನ್ನು ಡ್ರೈವರಿಗೆ ತಿಳಿಸುತ್ತದೆ. ಈ ಪಟ್ಟಿ ಇರುವುದರಿಂದ ಕರ್ನೆಲಿನ ಮೇಲುಭಾಗ ಡಿಸ್ಕಿನ ಜಾತಿಯನ್ನು ತಿಳಿಯದೆಯೇ ತನ್ನ ಕೆಲಸವನ್ನು ನಡೆಸಬಲ್ಲದು.

ಬೇಡಿಕೆಯೊಂದು ಬಂದಾಗ ನಡೆಯುವುದನ್ನು ಲಯನ್ಸ್ ಅವರು ವಿಧಿವಿಧಿಯಾಗಿ ಬಿಡಿಸುತ್ತಾರೆ. ಬೇಡಿಕೆ ಎಂದರೆ ‘ಬಫರ್’ ಎಂಬ ಒಂದು ಕಿರುದಾಖಲೆ. ಯಾವ ಡಿಸ್ಕು, ಎಷ್ಟನೆಯ ತುಂಡು, ಸ್ಮೃತಿಯಲ್ಲಿ ಎಲ್ಲಿಂದ, ಎಷ್ಟು ಪದಗಳು, ಓದಬೇಕೋ ಬರೆಯಬೇಕೋ ಎಂಬ ವಿವರಗಳೆಲ್ಲ ಅದರಲ್ಲಿವೆ. ಇಂಥ ಬಫರುಗಳು ಆ ಕಾಲದ ಕರ್ನೆಲಿನಲ್ಲಿ ಇದ್ದುದು ಕೇವಲ 15. ಡ್ರೈವರಿನ ‘ಸ್ಟ್ರಾಟಜಿ’ ಎಂಬ ವಿಧಿ ಮೊದಲು ಸಂಖ್ಯೆ ಮಿತಿಯೊಳಗಿದೆಯೇ ಎಂದು ನೋಡುತ್ತದೆ. ಮೀರಿದ್ದರೆ ಅಲ್ಲಿಯೇ ದೋಷವೆಂದು ಗುರುತಿಸಿ ಹಿಂದಿರುಗಿಸುತ್ತದೆ. ಸರಿಯಾಗಿದ್ದರೆ ಬೇಡಿಕೆಯನ್ನು ಸಾಲಿನ ಕೊನೆಗೆ ಸೇರಿಸುತ್ತದೆ. ಹೀಗೆ ಸೇರಿಸುವ ಕ್ಷಣದಲ್ಲಿ ಡಿಸ್ಕಿನ ಕರೆ ಒಳಗೆ ನುಗ್ಗದಂತೆ ಬಾಗಿಲು ಮುಚ್ಚಿಕೊಂಡಿರುತ್ತದೆ. ಸೇರಿಸಿಯಾದ ಮೇಲೆ ತೆರೆಯುತ್ತದೆ. ಡಿಸ್ಕು ಬಿಡುವಾಗಿದ್ದರೆ ‘ಸ್ಟಾರ್ಟ್’ ವಿಧಿ ಸಾಲಿನ ಮುಂದಿರುವ ಬೇಡಿಕೆಯನ್ನು ತೆಗೆದುಕೊಂಡು, ಡಿಸ್ಕ್ ನಿಯಂತ್ರಕದ ರಿಜಿಸ್ಟರುಗಳಲ್ಲಿ ಡಿಸ್ಕಿನ ವಿಳಾಸ, ಸ್ಮೃತಿಯ ವಿಳಾಸ, ಪದಗಳ ಎಣಿಕೆ ಇವನ್ನು ಇಟ್ಟು, ಕಟ್ಟಕಡೆಗೆ ‘ಹೊರಡು’ ಎಂಬ ಆಜ್ಞೆಯ ಬಿಟ್ಟನ್ನು ಇಡುತ್ತದೆ. ಅಲ್ಲಿಂದ ಮುಂದೆ ಪ್ರೊಸೆಸರಿನ ನೆರವಿಲ್ಲದೆ ನಿಯಂತ್ರಕವೇ ಸ್ಮೃತಿಗೂ ಬಿಲ್ಲೆಗೂ ನಡುವೆ ಸಾಗಣೆಯನ್ನು ಮಾಡುತ್ತದೆ. ಬೇಡಿದ ಪ್ರೋಗ್ರಾಮು ಉತ್ತರಕ್ಕೆ ಕಾಯಬೇಕಾಗಿದ್ದರೆ ಅಷ್ಟು ಹೊತ್ತು ನಿದ್ರಿಸುತ್ತದೆ. ಪ್ರೊಸೆಸರು ಬೇರೊಬ್ಬರ ಕೆಲಸವನ್ನು ನೋಡಿಕೊಳ್ಳುತ್ತದೆ.

ಸಾಗಣೆ ಮುಗಿದೊಡನೆ ನಿಯಂತ್ರಕವು ಇಂಟರಪ್ಟ್ ಎಂಬ ಕರೆಯಿಂದ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ. ಆಗ ಡ್ರೈವರಿನ ಇನ್ನೊಂದು ವಿಧಿ ಎಚ್ಚರಗೊಂಡು, ಮುಗಿದ ಬೇಡಿಕೆಯನ್ನು ಸಾಲಿನಿಂದ ತೆಗೆದು, ಕಾಯುತ್ತಿದ್ದವನನ್ನು ಎಬ್ಬಿಸಿ, ಮುಂದಿನ ಬೇಡಿಕೆಯನ್ನು ಹೊರಡಿಸುತ್ತದೆ. ಡ್ರೈವರಿಗೆ ಹೀಗೆ ಎರಡು ಬಾಗಿಲುಗಳು. ಮೇಲಿನ ಬಾಗಿಲಿನಿಂದ ಪ್ರೋಗ್ರಾಮುಗಳ ಬೇಡಿಕೆ ಬರುತ್ತದೆ. ಕೆಳಗಿನದರಿಂದ ಡಿಸ್ಕಿನ ವರದಿ. ಎರಡೂ ಸಂಧಿಸುವುದು ನಡುವಣ ಸಾಲಿನಲ್ಲಿ ಮಾತ್ರ. ಸುಮಾರು ನೂರು ಚಿಲ್ಲರೆ ಸಾಲುಗಳ ಈ ಡ್ರೈವರನ್ನು ಲಯನ್ಸ್ ಅವರ ಕೈಹಿಡಿದು ಓದಿದ ವಿದ್ಯಾರ್ಥಿಗೆ ಇಂದಿನ ಯಾವ ಡ್ರೈವರಿನ ಚೌಕಟ್ಟೂ ತೀರ ಅಪರಿಚಿತವೆನಿಸದು. ಕಾಲ ಇಷ್ಟು ಸರಿದರೂ ಟೀಕೆ ಹಳಸದಿರುವುದಕ್ಕೆ ಇದೇ ಕಾರಣ.

ಆದರೆ ಮೂಲವನ್ನು ಆರಿಸಿಕೊಳ್ಳುವಲ್ಲಿಯೇ ಟೀಕಾಕಾರನ ತೀರ್ಪು ಅಡಗಿರುತ್ತದೆ. ಆರ್.ಕೆ. ಡ್ರೈವರಿನಲ್ಲಿ ಸಾಲೆಂದರೆ ಬಂದವರ ಸರತಿ. ಮೊದಲು ಬಂದವನಿಗೆ ಮೊದಲು. ಡಿಸ್ಕಿನ ಕೈ ಒಳಪಥಕ್ಕೊಮ್ಮೆ ಹೊರಪಥಕ್ಕೊಮ್ಮೆ ಅಲೆದಾಡಿ ದಣಿಯುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದಾಖಲೆ ಕೊಠಡಿಯಲ್ಲಿ ಬುದ್ಧಿವಂತನಾದ ಸಿಪಾಯಿ ಐದಾರು ಚೀಟಿಗಳನ್ನು ಕೂಡಿಹಾಕಿಕೊಂಡು, ಬೀರುಗಳ ಸಾಲನ್ನು ಒಂದೇ ಸಲ ನಡೆದು ಎಲ್ಲ ಕಡತಗಳನ್ನೂ ತರುತ್ತಾನಷ್ಟೆ. ಡಿಸ್ಕಿನ ಬೇಡಿಕೆಗಳನ್ನು ಪಥಗಳ ಕ್ರಮದಲ್ಲಿ ಜೋಡಿಸುವ ಆ ಉಪಾಯಕ್ಕೆ ‘ಎಲಿವೇಟರ್’ ಎಂದು ಹೆಸರು. ಅದೇ ಆರನೆಯ ಆವೃತ್ತಿಯ ಆರ್.ಪಿ. ಎಂಬ ಇನ್ನೊಂದು ಡಿಸ್ಕಿನ ಡ್ರೈವರಿನಲ್ಲಿ ಇಂಥ ಜೋಡಣೆ ಇತ್ತು. ಲಯನ್ಸ್ ಅವರು ಒಂದು ನಿರ್ದಿಷ್ಟ ಯಂತ್ರಕ್ಕೆ ಬೇಕಾದ ಭಾಗಗಳನ್ನಷ್ಟೇ ಆರಿಸಿಕೊಂಡುದರಿಂದ ಅದು ಹೊರಗುಳಿಯಿತು. ಬೋಧನೆಗೆ ಸರಳವಾದುದನ್ನು ಆರಿಸಿದುದು ದೋಷವೆನ್ನಲಾಗದು. ಆದರೆ ಆಯ್ದ ಭಾಗವನ್ನೇ ಇಡೀ ಯುನಿಕ್ಸ್ ಎಂದು ತಿಳಿದ ಓದುಗರ ಪೀಳಿಗೆಯೊಂದು ಅದರಿಂದ ಹುಟ್ಟಿಕೊಂಡಿತೆಂಬುದು ನಮ್ಮ ಅಭಿಪ್ರಾಯ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಬೇರೆ ಇದೆ. ಅದು ನಮ್ಮ ಮೂಲ ಪ್ರಶ್ನೆಗೆ ಸಂಬಂಧಿಸಿದುದು.

ಆರನೆಯ ಆವೃತ್ತಿಯಲ್ಲಿ ಪ್ರೋಗ್ರಾಮು ‘ರೈಟ್’ ಎಂದಾಗ ಅದರ ಪಾಠ ಮೊದಲು ಬಫರಿಗೆ ಬರುತ್ತದೆ. 512 ಬೈಟುಗಳ ತುಂಡು ತುಂಬಿದ್ದರೆ ಡ್ರೈವರಿಗೆ ಒಡನೆಯೇ ಬೇಡಿಕೆ ಹೋಗುತ್ತದೆ, ಆದರೆ ಯಾರೂ ಅದರ ಉತ್ತರಕ್ಕೆ ಕಾಯುವುದಿಲ್ಲ. ತುಂಬಿರದಿದ್ದರೆ ‘ತಡವಾಗಿ ಬರೆಯತಕ್ಕದ್ದು’ ಎಂಬ ಗುರುತಿನೊಡನೆ ಬಫರು ಹಾಗೆಯೇ ಉಳಿಯುತ್ತದೆ. ಬಫರನ್ನು ಬೇರೆ ಕೆಲಸಕ್ಕೆ ಬಳಸಬೇಕಾಗಿ ಬಂದಾಗಲೋ, ಮೂವತ್ತು ಸೆಕೆಂಡಿಗೊಮ್ಮೆ ಎಲ್ಲವನ್ನೂ ಹೊರಗಟ್ಟುವ ‘ಅಪ್‌ಡೇಟ್’ ಎಂಬ ಪ್ರೋಗ್ರಾಮು ಎದ್ದಾಗಲೋ ಡಿಸ್ಕಿಗೆ ಹೋಗುತ್ತದೆ. ಎರಡು ಪಕ್ಷದಲ್ಲಿಯೂ ಪ್ರೋಗ್ರಾಮಿಗೆ ‘ಆಯಿತು’ ಎಂಬ ಉತ್ತರ ಮೊದಲೇ ಸಿಕ್ಕಿರುತ್ತದೆ. ನಾವಿರುವ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯ ಮಾತಿನಲ್ಲಿ ಹೇಳುವುದಾದರೆ, ಗುಬ್ಬಿಯ ಕಡೆಯಿಂದಲೋ ಕುಣಿಗಲ್ಲಿನ ಕಡೆಯಿಂದಲೋ ಬಂದ ರೈತ ನಸುಕಿನಲ್ಲಿ ಟೊಮೆಟೊ ಕ್ರೇಟುಗಳನ್ನು ಇಳಿಸುತ್ತಾನೆ. ಮಂಡಿಯ ಗುಮಾಸ್ತ ಎಣಿಕೆಯನ್ನು ಕೈಚೀಟಿಯಲ್ಲಿ ಗುರುತು ಹಾಕಿಕೊಂಡು ‘ಬರೆದುಕೊಂಡೆ, ನೀವು ಹೊರಡಿ’ ಎನ್ನುತ್ತಾನೆ. ರೈತ ಬಸ್ಸು ಹತ್ತುತ್ತಾನೆ. ಚೀಟಿಯಿಂದ ಲೆಕ್ಕದ ಪುಸ್ತಕಕ್ಕೆ ಏರಿಸುವುದು ಆಮೇಲಿನ ಮಾತು. ನೂಕುನುಗ್ಗಲಿನಲ್ಲಿ ಕೆಲಸ ಸಾಗಬೇಕಾದರೆ ಇದಕ್ಕಿಂತ ಬೇರೆ ದಾರಿ ಇಲ್ಲ. ಚೀಟಿಗೂ ಪುಸ್ತಕಕ್ಕೂ ನಡುವೆ ಏನಾದರೂ ಎಡವಟ್ಟಾದರೆ, ಆ ವೇಳೆಗೆ ಊರು ಸೇರಿರುವ ರೈತನಿಗೆ ಅದನ್ನು ತಿಳಿಸುವವರು ಯಾರು?

ಮೂಲಪಾಠ ಇದಕ್ಕೆ ಉತ್ತರ ಕೊಡುತ್ತದೆ. ಆಜ್ಞೆಯ ರಿಜಿಸ್ಟರಿನ ಹದಿನಾರು ಬಿಟ್ಟುಗಳಲ್ಲಿ ಅತ್ಯುನ್ನತವಾದುದು ದೋಷದ ಗುರುತು. ಅದು ಎದ್ದಾಗ ಇಡೀ ಸಂಖ್ಯೆ ಋಣಸಂಖ್ಯೆಯಂತೆ ಕಾಣುತ್ತದೆಯಾದ್ದರಿಂದ ಸೊನ್ನೆಗಿಂತ ಕಡಿಮೆಯೇ ಎಂದಷ್ಟೇ ಡ್ರೈವರು ಕೇಳುತ್ತದೆ. ಹೌದಾದರೆ ಮೇಲ್ವಿಚಾರಕನ ಮುಂದಿರುವ ಟರ್ಮಿನಲಿಗೆ ಒಂದು ಸಾಲಿನ ಸೂಚನೆಯನ್ನು ಕಳುಹಿಸಿ, ನಿಯಂತ್ರಕವನ್ನು ಮೊದಲ ಸ್ಥಿತಿಗೆ ತಂದು, ಅದೇ ಬೇಡಿಕೆಯನ್ನು ಮತ್ತೆ ಹೊರಡಿಸುತ್ತದೆ. ಹತ್ತು ಸಲ ಹೀಗೆ ಪ್ರಯತ್ನಿಸಿಯೂ ಆಗದಿದ್ದರೆ ಬಫರಿಗೆ ದೋಷದ ಗುರುತನ್ನು ಹಾಕಿ ಕೈಬಿಡುತ್ತದೆ. ಆ ಬಫರಿಗಾಗಿ ಯಾರೂ ಕಾಯುತ್ತಿಲ್ಲವಾದ್ದರಿಂದ ಅದು ನೇರವಾಗಿ ಬಿಡುಗಡೆಯ ವಿಧಿಗೆ ಹೋಗುತ್ತದೆ. ಬಿಡುಗಡೆಯ ವಿಧಿ ದೋಷದ ಗುರುತನ್ನು ಕಂಡೊಡನೆ ಬಫರಿಗೂ ಡಿಸ್ಕಿಗೂ ಇದ್ದ ಸಂಬಂಧವನ್ನೇ ಅಳಿಸುತ್ತದೆ: ಸಾಧನದ ಎರಡನೆಯ ಅಂಕಿಯ ಜಾಗದಲ್ಲಿ ಋಣ ಒಂದನ್ನು ಇಡುತ್ತದೆ. ಅಲ್ಲಿಗೆ ಪಾಠ ಹೋಯಿತು. ಬರೆದ ಪ್ರೋಗ್ರಾಮಿಗೆ ಸುದ್ದಿಯಿಲ್ಲ. ಅದು ಆಗಲೇ ಮುಗಿದುಹೋಗಿದ್ದರೂ ಆಶ್ಚರ್ಯವಿಲ್ಲ. ಉಳಿದ ಸಾಕ್ಷ್ಯವೆಂದರೆ ಟರ್ಮಿನಲಿನಲ್ಲಿ ಬಂದ ಆ ಒಂದು ಸಾಲು.

ಈ ಸಂಗತಿ ಡ್ರೈವರಿನ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದುದೆಂದು ನಾವು ಎಣಿಸುತ್ತೇವೆ. ಲಯನ್ಸ್ ಅವರ ಟೀಕೆಯನ್ನು ಓದಿದವರಿಗೆ ಇದು ಎದ್ದುಕಾಣದಿರುವುದಕ್ಕೆ ಕಾರಣ ಟೀಕೆಯ ಬಂಧದಲ್ಲಿಯೇ ಇದೆ. ಟೀಕೆ ಮೂಲದ ಕಡತಗಳ ಕ್ರಮವನ್ನು ಅನುಸರಿಸುತ್ತದೆ. ದೋಷವನ್ನು ಗುರುತಿಸುವ ಇಂಟರಪ್ಟ್ ವಿಧಿ ಹದಿನಾರನೆಯ ಅಧ್ಯಾಯದಲ್ಲಿದೆ; ಬಫರುಗಳ ವಿಚಾರ ಹದಿನೇಳನೆಯದರಲ್ಲಿದೆ; ‘ರೈಟ್’ ಕರೆ ಉತ್ತರ ಪಡೆಯುವ ಬಗೆ ಇನ್ನೂ ಮುಂದೆ ಬರುತ್ತದೆ. ಪ್ರತಿಯೊಂದು ಸಾಲಿನ ಅರ್ಥವೂ ತಿಳಿದಿರುತ್ತದೆ, ಆದರೆ ಒಂದು ದೋಷ ಹುಟ್ಟಿದಲ್ಲಿಂದ ಕಣ್ಮರೆಯಾಗುವ ತನಕ ನಡೆದುಹೋಗುವ ದಾರಿ ಅಧ್ಯಾಯಗಳ ಸಂದಿಯಲ್ಲಿ ತುಂಡುತುಂಡಾಗುತ್ತದೆ. ಪದಪದಕ್ಕೂ ಅರ್ಥ ಹೇಳುವ ನಮ್ಮ ಟೀಕುಗಳಲ್ಲಿಯೂ ಪದ್ಯದ ಅನ್ವಯ ಸ್ಪಷ್ಟವಾಗಿ, ಪ್ರಕರಣದ ಅಭಿಪ್ರಾಯ ಜಾರಿಹೋಗುವುದನ್ನು ಕಂಡಿದ್ದೇವೆ. ಯುನಿಕ್ಸಿನ ಕರ್ತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರು ಮಾತ್ರ ಇದನ್ನು ಮರೆಮಾಚಲಿಲ್ಲ. 1978ರಲ್ಲಿ ಬೆಲ್ ಸಿಸ್ಟಂ ಟೆಕ್ನಿಕಲ್ ಜರ್ನಲಿನಲ್ಲಿ ಯುನಿಕ್ಸಿನ ರಚನೆಯನ್ನು ಕುರಿತು ಬರೆದಾಗ, ಈ ಕಾಯದ ಪದ್ಧತಿಯಿಂದಾಗಿ ದೋಷವನ್ನು ಬಳಕೆದಾರನಿಗೆ ಅರ್ಥವತ್ತಾಗಿ ತಿಳಿಸುವುದು ಹೆಚ್ಚುಕಡಮೆ ಅಸಾಧ್ಯವಾಗಿದೆಯೆಂದೂ, ಯಂತ್ರ ಹಠಾತ್ತನೆ ನಿಂತರೆ ಮುಗಿದಂತೆ ತೋರುವ ಬರವಣಿಗೆ ಡಿಸ್ಕಿಗೆ ಇಳಿಯದೆ ಉಳಿದಿರುತ್ತದೆಯೆಂದೂ ಅವರೇ ಒಪ್ಪಿಕೊಂಡಿದ್ದಾರೆ.

ಕಂಡರಿಸುವುದಕ್ಕೆ ಪ್ರತ್ಯೇಕವಾದ ಕ್ರಿಯಾಪದ ಯುನಿಕ್ಸಿಗೆ ಬಂದುದು 1983ರಲ್ಲಿ, ಬರ್ಕ್ಲಿ ವಿಶ್ವವಿದ್ಯಾನಿಲಯದ 4.2 ಆವೃತ್ತಿಯಲ್ಲಿ. ‘ಎಫ್‌ಸಿಂಕ್’ ಎಂಬ ಆ ಕರೆ, ಒಂದು ಕಡತಕ್ಕೆ ಸೇರಿದ ಪಾಠವೆಲ್ಲ ಡಿಸ್ಕಿಗೆ ಇಳಿಯುವ ತನಕ ಕಾದು ಉತ್ತರ ಕೊಡತಕ್ಕದ್ದು.

ಎರಡನೆಯ ಬರವಣಿಗೆಯ ಸ್ವರೂಪವೇ ಬೇರೆ. ಲಿನಕ್ಸ್ ಕರ್ನೆಲಿನ 2.5 ಸರಣಿಯಲ್ಲಿ ಡಿಸ್ಕ್ ವಿಭಾಗವನ್ನು ಬುಡಸಹಿತ ಬದಲಾಯಿಸಲಾಯಿತು. ಆ ಬದಲಾವಣೆಯ ಮುಖ್ಯ ಶಿಲ್ಪಿ ಡೆನ್ಮಾರ್ಕಿನವರಾದ ಆಕ್ಸ್‌ಬೋ. ಅವರೂ ಸುಪರ್ಣಾ ಭಟ್ಟಾಚಾರ್ಯರೂ 2002ರ ಜನವರಿಯಲ್ಲಿ ಬರೆದ ಟಿಪ್ಪಣಿಯನ್ನು ಕರ್ನೆಲಿನ ಮೂಲದೊಡನೆಯೇ ಹಂಚಲಾಯಿತು. ಅದಕ್ಕೆ ಮುಂಚಿನ 2.4 ಸರಣಿಯಲ್ಲಿ ದೊಡ್ಡ ಬೇಡಿಕೆಯೊಂದನ್ನು ‘ಬಫರ್ ಹೆಡ್’ ಎಂಬ ಸಣ್ಣ ಸಣ್ಣ ಚೂರುಗಳಾಗಿ ಒಡೆದು, ಮತ್ತೆ ಸಾಲಿನಲ್ಲಿ ಅವನ್ನೇ ಕೂಡಿಸಬೇಕಾಗಿತ್ತು. ಅಲ್ಲದೆ ಯಂತ್ರದಲ್ಲಿರುವ ಎಲ್ಲ ಡಿಸ್ಕುಗಳ ಸಾಲುಗಳಿಗೂ ಸೇರಿ ಒಂದೇ ಬೀಗವಿತ್ತು. ಒಬ್ಬನು ಒಂದು ಡಿಸ್ಕಿನ ಸಾಲನ್ನು ಮುಟ್ಟುತ್ತಿದ್ದರೆ ಬೇರೆ ಡಿಸ್ಕಿನವನೂ ಹೊರಗೆ ನಿಲ್ಲಬೇಕಾಗಿತ್ತು. ಹೊಸ ವ್ಯವಸ್ಥೆಯಲ್ಲಿ ‘ಬಯೊ’ ಎಂಬ ದಾಖಲೆ ಸ್ಮೃತಿಯಲ್ಲಿ ಹರಡಿಕೊಂಡಿರುವ ಪುಟಗಳ ಪಟ್ಟಿಯನ್ನು ಒಟ್ಟಿಗೆ ಹೊತ್ತು ಡ್ರೈವರಿನ ತನಕ ಬರುತ್ತದೆ; ಒಂದೊಂದು ಸಾಲಿಗೆ ಒಂದೊಂದು ಬೀಗ; ಬೇಡಿಕೆಗಳನ್ನು ಜೋಡಿಸುವ ಎಲಿವೇಟರನ್ನು ಬೇಕೆಂದಂತೆ ಬದಲಾಯಿಸಬಹುದು. ಲಯನ್ಸ್ ಅವರಲ್ಲಿ ಕಾಣದೆ ಹೋದ ಎಲಿವೇಟರು ಇಲ್ಲಿ ಪ್ರಕರಣದ ನಡುಮನೆಗೇ ಬಂದು ಕುಳಿತಿದೆ.

ಈ ಟಿಪ್ಪಣಿಗೆ ಸಾಲುಸಂಖ್ಯೆಗಳಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ, ಏಕೆಂದರೆ ಮೂಲ ದಿನದಿನಕ್ಕೆ ಬದಲಾಗುತ್ತಿತ್ತು. ಲಯನ್ಸ್ ಅವರದು ನಿಂತ ಕಲ್ಲಿನ ಮೇಲಿನ ಟೀಕೆ. ಇದು ಉಳಿ ಇನ್ನೂ ಆಡುತ್ತಿರುವಾಗ ರೂವಾರಿಯ ಪಕ್ಕದಲ್ಲಿ ಕುಳಿತು ಬರೆದುದು. ಅದರ ಗುಣವೂ ಮಿತಿಯೂ ಇಲ್ಲಿಯೇ ಇವೆ. ಯಾವ ತೊಂದರೆಗೆ ಯಾವ ಪರಿಹಾರ, ಯಾವುದನ್ನು ಇನ್ನೂ ನಿರ್ಧರಿಸಿಲ್ಲ ಎಂಬುದನ್ನು ಲೇಖಕರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕಾರಣಗಳನ್ನು ಹುಡುಕುವ ಇತಿಹಾಸಕಾರನಿಗೆ ಇದು ಲಯನ್ಸ್ ಅವರ ಟೀಕೆಗಿಂತಲೂ ಹೆಚ್ಚು ಬೆಲೆಯುಳ್ಳ ಆಕರ. ಆದರೆ ಹಳೆಯ ವ್ಯವಸ್ಥೆಯನ್ನು ಬಲ್ಲವನಿಗಷ್ಟೇ ಇದು ತೆರೆದುಕೊಳ್ಳುತ್ತದೆ. ವಿದ್ಯಾರ್ಥಿಯ ಮುಂದಿಟ್ಟರೆ ಮೂರನೆಯ ಪುಟದಲ್ಲಿ ಅವನು ಕಂಗೆಡುವುದು ಖಂಡಿತ. ಆಯುಸ್ಸೂ ಕಿರಿದು. 2014ರಲ್ಲಿ ಹೊರಬಂದ 3.13ರಲ್ಲಿ ಅನೇಕ ಸಾಲುಗಳ ಹೊಸ ಪದ್ಧತಿ ಸೇರಿತು, 2019ರ 5.0ರಲ್ಲಿ ಹಳೆಯ ಒಂಟಿ ಸಾಲಿನ ಪದ್ಧತಿಯನ್ನು ತೆಗೆದುಹಾಕಲಾಯಿತು. ತಿರುಗುವ ಬಿಲ್ಲೆಯೂ ಅಲೆಯುವ ಕೈಯೂ ಇಲ್ಲದ ಎಸ್.ಎಸ್.ಡಿ.ಗಳು ಬಂದ ಮೇಲೆ ಎಲಿವೇಟರಿನ ಮೊದಲಿನ ಪ್ರಯೋಜನವೂ ಬಹಳಮಟ್ಟಿಗೆ ತಗ್ಗಿತು.

ನಮ್ಮ ಪ್ರಶ್ನೆಗೆ ಈ ಟಿಪ್ಪಣಿ ಕೊಡುವ ಉತ್ತರವೇನು? ಪ್ರತಿಯೊಂದು ಬಯೊ ತಾನು ಮುಗಿದಾಗ ಯಾವ ವಿಧಿಯನ್ನು ಕರೆಯಬೇಕೆಂಬುದನ್ನು ತನ್ನೊಡನೆಯೇ ಹೊತ್ತಿರುತ್ತದೆ. ಫಲ ಕೆಟ್ಟದ್ದಾದರೆ ಅದು ಆ ವಿಧಿಗೆ ತಲಪುತ್ತದೆ. ಋಣ ಒಂದನ್ನು ಇಟ್ಟು ಮರೆತುಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಬರವಣಿಗೆಯ ಕ್ರಮ ತಪ್ಪಬಾರದೆಂಬ ಕಡೆ ‘ಬ್ಯಾರಿಯರ್’ ಎಂಬ ಅಡ್ಡಗಟ್ಟೆಯನ್ನೂ ಟಿಪ್ಪಣಿ ವಿವರಿಸುತ್ತದೆ. ಇದರ ಅಗತ್ಯಕ್ಕೆ ಕಾರಣ, ಡಿಸ್ಕು ಕೂಡ ತನ್ನೊಳಗೆ ಒಂದು ಕೈಚೀಟಿಯನ್ನು ಇಟ್ಟುಕೊಳ್ಳುವುದು: ಡಿಸ್ಕಿನ ಸ್ವಂತ ಸ್ಮೃತಿಗೆ ಪಾಠ ಬಂದೊಡನೆ ಅದು ‘ಆಯಿತು’ ಎನ್ನುತ್ತದೆ, ಬಿಲ್ಲೆಗೆ ಇಳಿಸುವುದು ಆಮೇಲೆ. ರೂವಾರಿಯೂ ಸೇನಬೋವನ ಮಾತನ್ನೇ ಆಡತೊಡಗಿದರೆ ಕಲ್ಲನ್ನು ಮುಟ್ಟಿ ನೋಡುವವರು ಬೇಕಾಗುತ್ತದೆ. 2011ರ 2.6.37ರಲ್ಲಿ ಬ್ಯಾರಿಯರನ್ನು ಕೈಬಿಟ್ಟು, ಚೀಟಿಯನ್ನು ಖಾಲಿಮಾಡೆಂದು ಡಿಸ್ಕಿಗೇ ಆಜ್ಞೆ ಕೊಡುವ ಪದ್ಧತಿಯನ್ನು ತಂದರು.

ಸುಪರ್ಣಾ ಭಟ್ಟಾಚಾರ್ಯರ ಇನ್ನೊಂದು ಕೆಲಸ ಇಲ್ಲಿ ಹೆಚ್ಚು ಪ್ರಸ್ತುತ. 2003ರಲ್ಲಿ ಆಟವಾದ ಲಿನಕ್ಸ್ ಸಮ್ಮೇಳನದಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಮಂಡಿಸಿದ ಪ್ರಬಂಧದ ವಿಷಯ, ಕಾಯದೆ ನಡೆಸುವ ಓದುಬರಹ. ಆ ಪದ್ಧತಿಯಲ್ಲಿ ಪ್ರೋಗ್ರಾಮು ಬೇಡಿಕೆಯನ್ನು ಒಪ್ಪಿಸಿ ತನ್ನ ಪಾಡಿಗೆ ಮುಂದುವರಿಯುತ್ತದೆ, ಆದರೆ ಫಲವೇನಾಯಿತೆಂದು ಆಮೇಲೆ ಬಂದು ಕೇಳಿ ಪಡೆಯುವ ಹಕ್ಕನ್ನು ಉಳಿಸಿಕೊಳ್ಳುತ್ತದೆ. ಥಾಂಪ್ಸನ್ ಅವರು ಅಸಾಧ್ಯವೆಂದು ಕೈಚೆಲ್ಲಿದುದಕ್ಕೆ ತತ್ತ್ವತಃ ಇದೇ ಮದ್ದು: ರೈತ ಬಸ್ಸು ಹತ್ತಬಹುದು, ಆದರೆ ಅವನ ಕೈಯಲ್ಲಿ ರಸೀತಿಯ ಅರ್ಧಭಾಗವಿರುತ್ತದೆ. ದುರದೃಷ್ಟವಶಾತ್, ಬಫರುಗಳನ್ನು ಬದಿಗಿಟ್ಟು ಡಿಸ್ಕಿನೊಡನೆ ನೇರವಾಗಿ ವ್ಯವಹರಿಸುವ ಕಡತಗಳಿಗೆ ಮಾತ್ರ ಈ ಸೌಲಭ್ಯ ಆಗ ಮುಖ್ಯ ಕರ್ನೆಲಿನಲ್ಲಿ ಸರಿಯಾಗಿ ದಕ್ಕಿತು. ಎಲ್ಲರೂ ನಿತ್ಯ ಬಳಸುವ ಬಫರಿನ ದಾರಿಗೂ ಅದನ್ನು ವಿಸ್ತರಿಸುವ ಪ್ರಯತ್ನ ನಡೆದರೂ ಮುಖ್ಯಪ್ರವಾಹಕ್ಕೆ ಪೂರ್ತಿಯಾಗಿ ಸೇರಲಿಲ್ಲ. ಬೆಂಗಳೂರಿನಲ್ಲಿ ನಡೆದ ಈ ಕೆಲಸವನ್ನು ನಮ್ಮ ನಾಡಿನ ತಂತ್ರವಿದ್ಯೆಯ ಚರಿತ್ರೆ ಬರೆಯುವವರು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ವಿಷಾದಕರ. ಕಟ್ಟಡಗಳ ಎತ್ತರವನ್ನೂ ನೌಕರರ ಸಂಖ್ಯೆಯನ್ನೂ ಬರೆದಿಡುವುದೇ ಚರಿತ್ರೆಯೆಂದು ಅವರು ಭಾವಿಸಿರುವಂತೆ ತೋರುತ್ತದೆ.

ಬಫರಿನ ದಾರಿ ಹಾಗೆಯೇ ಉಳಿದುದರ ಫಲ 2018ರಲ್ಲಿ ಹೊರಬಿತ್ತು. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಸಂಗ್ರಹ ವ್ಯವಸ್ಥೆಯನ್ನು ನಿರ್ಮಿಸುವವರಿಗೆ ಒಂದು ವಿಚಿತ್ರ ಕಂಡುಬಂದಿತು. ಡಿಸ್ಕಿಗೆ ಇಳಿಸುವಾಗ ದೋಷ ಸಂಭವಿಸಿದರೆ ಲಿನಕ್ಸಿನ ಎಫ್‌ಸಿಂಕ್ ಅದನ್ನು ಒಂದು ಸಲ ತಿಳಿಸುತ್ತಿತ್ತು. ಆದರೆ ಆ ಹೊತ್ತಿಗೆ ಕರ್ನೆಲು ಆ ಪುಟವನ್ನು, ಇಳಿಸಬೇಕಾದುದು ಇನ್ನೇನೂ ಉಳಿದಿಲ್ಲವೆಂಬಂತೆ, ಶುದ್ಧವೆಂದು ಗುರುತಿಸಿಬಿಟ್ಟಿರುತ್ತಿತ್ತು. ಪೋಸ್ಟ್‌ಗ್ರೆಸ್ ಎರಡನೆಯ ಸಲ ಎಫ್‌ಸಿಂಕ್ ಎಂದು ಕೇಳಿದಾಗ ಬರುತ್ತಿದ್ದುದು ‘ಆಯಿತು’ ಎಂಬ ಉತ್ತರ. ಪಾಠ ಡಿಸ್ಕಿನಲ್ಲಿ ಇಲ್ಲ. ಇಳಿದಿದೆಯೆಂಬ ಸಾಕ್ಷ್ಯ ಮಾತ್ರ ಇದೆ. ಕಡೆಗೆ 2019ರ ಫೆಬ್ರವರಿಯ ಆವೃತ್ತಿಗಳಲ್ಲಿ ಪೋಸ್ಟ್‌ಗ್ರೆಸ್‌ನವರು, ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಮತ್ತೆ ಕೇಳದೆ, ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ತಮ್ಮ ದಿನಚರಿಯಿಂದ ಎಲ್ಲವನ್ನೂ ಪುನಃ ಕಟ್ಟಿಕೊಳ್ಳುವಂತೆ ಮಾರ್ಪಡಿಸಿದರು.

1975ರ ಋಣ ಒಂದಕ್ಕೂ 2018ರ ಶುದ್ಧ ಪುಟಕ್ಕೂ ವಂಶಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಲಿನಕ್ಸು ಆರನೆಯ ಆವೃತ್ತಿಯ ಪಾಠದಿಂದ ಹುಟ್ಟಿದುದಲ್ಲ. ಒಂದೇ ಬಗೆಯ ಒತ್ತಡ ಎರಡು ಕಡೆಯೂ ಒಂದೇ ಬಗೆಯ ಮರೆವನ್ನು ಹುಟ್ಟಿಸಿದೆ: ಇಳಿಸಲಾಗದ ಪಾಠವನ್ನು ಹಿಡಿದುಕೊಂಡು ಕುಳಿತರೆ ಬಫರುಗಳೆಲ್ಲ ತುಂಬಿ ಯಂತ್ರವೇ ನಿಲ್ಲುತ್ತದೆ, ಕೀಲು ಕಳಚಿದ ಡಿಸ್ಕೊಂದಕ್ಕಾಗಿ ಉಳಿದವರೆಲ್ಲ ಏಕೆ ಕಾಯಬೇಕು? ಕರ್ನೆಲಿನವರ ಈ ಸಮಾಧಾನ ಉಪೇಕ್ಷಿಸತಕ್ಕದ್ದಲ್ಲ. ಮರೆಯುವುದು ಅನಿವಾರ್ಯವೆಂದೇ ಒಪ್ಪೋಣ. ಮರೆತುದನ್ನು ‘ಆಯಿತು’ ಎಂದು ಕರೆಯುವುದನ್ನು ಒಪ್ಪಲಾಗದು.

ಗಂಗರ ತಾಮ್ರಪಟಗಳ ವಿಷಯದಲ್ಲಿ ಬಿ. ಎಲ್. ರೈಸ್ ಅವರಿಗೂ ಜೆ. ಎಫ್. ಫ್ಲೀಟ್ ಅವರಿಗೂ ನಡೆದ ದೀರ್ಘವಾದ ವಾಗ್ವಾದವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ರೈಸ್ ಅವರು ಪಟಗಳು ಹೇಳುವುದನ್ನು ಬಹುಮಟ್ಟಿಗೆ ನಂಬಿ ವಂಶಾವಳಿಯನ್ನು ಕಟ್ಟಿದರು. ಫ್ಲೀಟ್ ಅವರು ಲಿಪಿಯನ್ನೂ ತಿಥಿವಾರಗಳನ್ನೂ ಪರೀಕ್ಷಿಸಿ ಅವುಗಳಲ್ಲಿ ಅನೇಕವು ಕೂಟವೆಂದರು. ಫ್ಲೀಟ್ ಅವರ ಎಲ್ಲ ತೀರ್ಪುಗಳನ್ನೂ ಇಂದು ಯಾರೂ ಒಪ್ಪುವುದಿಲ್ಲ, ಆದರೆ ಅವರ ಪ್ರಶ್ನೆ ಉಳಿದಿದೆ: ಹೀಗೆಂದು ಹೇಳುತ್ತಿರುವವನು ಯಾರು, ಅವನು ಕಂಡು ಹೇಳುತ್ತಿದ್ದಾನೆಯೋ ಕೇಳಿ ಹೇಳುತ್ತಿದ್ದಾನೆಯೋ? ಡಿಸ್ಕಿನ ‘ಆಯಿತು’ ಎಂಬ ಮಾತಿಗೂ ಇದೇ ಪ್ರಶ್ನೆಯನ್ನು ಹಾಕಬೇಕು. ಅದನ್ನು ಹೇಳಿದುದು ಬಫರೋ, ಡ್ರೈವರೋ, ಡಿಸ್ಕಿನೊಳಗಿನ ಸ್ಮೃತಿಯೋ, ಬಿಲ್ಲೆಯೋ? ನಾಲ್ವರ ಸಾಕ್ಷ್ಯಗಳ ಬೆಲೆ ನಾಲ್ಕು ಬಗೆ.

ಲಯನ್ಸ್ ಅವರ ಟೀಕೆಯ ಮೇಲ್ಪಂಕ್ತಿಯಲ್ಲಿ ಆರ್.ಕೆ. ಡ್ರೈವರಿಗೆ ಕನ್ನಡದಲ್ಲೊಂದು ಟೀಕು ಬರುವುದು ಕಷ್ಟವೇನಲ್ಲ. ಮೂಲ ಈಗ ಎಲ್ಲರಿಗೂ ದೊರೆಯುತ್ತದೆ, ಗಾತ್ರವೂ ಅಲ್ಪ. ಬರೆಯುವವರು ಕಡತದ ಕ್ರಮವನ್ನು ಬಿಟ್ಟು, ರಿಜಿಸ್ಟರಿನ ಆ ದೋಷದ ಬಿಟ್ಟಿನಿಂದ ಆರಂಭಿಸಿ ಋಣ ಒಂದರ ವರೆಗೆ ನಡೆಯಲಿ. ಓದುವವರಿಗೆ ಸಾಲೂ ಬಫರೂ ಇಂಟರಪ್ಟೂ ದಾರಿಯಲ್ಲಿ ತಾವಾಗಿಯೇ ಎದುರಾಗುತ್ತವೆ. ‘ರೈಟ್’ ಎಂಬುದಕ್ಕೆ ಬರೆ ಎಂಬ ಮಾತು ಸಾಕು. ಎಫ್‌ಸಿಂಕ್ ಎಂಬುದಕ್ಕೆ ಹೊಸ ಸಂಸ್ಕೃತ ಸಮಾಸವೊಂದನ್ನು ಹೆಣೆಯುವ ಮೊದಲು, ರೂವಾರಿಗಳು ಬಿಟ್ಟುಹೋದ ಕ್ರಿಯಾಪದವನ್ನು ಒಮ್ಮೆ ಪ್ರಯೋಗಿಸಿ ನೋಡಬಹುದು.